ಹೊಲದಲ್ಲಿ ಸಿಕ್ಕ ಮುಕ್ಕಾಲಿ

ಅಲ್ ಖರ್ಜ್,
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ತಂಗಿ ಮೋಹಿನಿಗೆ,

ಅಣ್ಣ ಕೊರಗಪ್ಪನ ಆಶೀರ್ವಾದ. ಇಲ್ಲಿ ನನ್ನ ಶುಗರ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಹತೋಟಿಯಲ್ಲಿದೆ. ಅಲ್ಲಿ ಮಗಳು ಭವ್ಯಶ್ರೀಯ ಮದುವೆ ತಯಾರಿಯಲ್ಲಿ ನೀನು ಊಟ ನಿದ್ದೆ ಬಿಟ್ಟಿರುತ್ತೀ ಅಂತ ಗೊತ್ತು. ಊಟ ಬಿಡಬೇಡ.

ನಿನ್ನ ವಾಯ್ಸ್ ಮೆಸೇಜು ಕೇಳಿಯೂ ಉತ್ತರ ಕೊಡಲಿಲ್ಲ. ನೀಲಿ ಗೆರೆ ಬಿದ್ದದ್ದು ನಿನಗೂ ಕಂಡಿರುತ್ತದೆ. "ಅಣ್ಣ, ಮದುವೆ ಕಾಗದ ಪ್ರಿಂಟ್ ಮಾಡುವವ ಕೇಳ್ತಾ ಇದ್ದಾನೆ, ಭವ್ಯಶ್ರೀಯ ಅಪ್ಪನ ಹೆಸರಿನ ಮುಂದೆ ಎಂತ ಹಾಕುವುದು? ಶ್ರೀ ಅಂತಲಾ, ದಿವಂಗತ ಅಂತಲಾ? ನೀನು ಹೇಳಿದ ಹಾಗೆ" ಎಂದು ಎಷ್ಟು ಸುಲಭವಾಗಿ ಕೇಳಿಬಿಟ್ಟೆ ಮಾರಾಯ್ತಿ! ಇಷ್ಟು ವರ್ಷ ಊರು ಬಿಡಿಸದ ಲೆಕ್ಕವನ್ನು ಪ್ರೆಸ್ಸಿನವನ ಅವಸರಕ್ಕೆ ನಾನು ಬಿಡಿಸಬೇಕಂತೆ.

ಉತ್ತರ ಇದೆ. ಫೋನಿನಲ್ಲಿ ಹೇಳಲು ಹೋಗಿ ಎರಡು ಸಲ ನಂಬರು ಒತ್ತಿ ಕಟ್ ಮಾಡಿದೆ. ವಾಟ್ಸಾಪಿನಲ್ಲಿ ಹಾಕಿದರೆ ನೀನು ಓದಿ ಮುಗಿಸುವ ಮೊದಲು ನನ್ನ ಮಗ ತುಷಾರ್ ಅದನ್ನು ಕುಟುಂಬದ ಗ್ರೂಪಿಗೆ ಹಾಕಿ, ಕೈ ಮುಗಿಯುವ ಚಿತ್ರ ಹತ್ತು ಬಂದಿರುತ್ತಿತ್ತು. ಅದಕ್ಕೆ ಕಾಗದ. ನಮ್ಮ ಇಮ್ತಿಯಾಜ್ ರಜೆಯಲ್ಲಿ ಊರಿಗೆ ಹೊರಟಿದ್ದಾನೆ. ಇವನು ನನ್ನ ವರ್ಕ್‌ಶಾಪಿನ ಗಾಡಿ ಓಡಿಸುವ ಬಂಟ್ವಾಳದ ಬ್ಯಾರಿ. ಮಾತು ಜಾಸ್ತಿ, ಮನಸ್ಸು ಚೊಕ್ಕ. ಅವನ ಕೈಯಲ್ಲಿ ಇದನ್ನೂ ಒಂದು ಸಣ್ಣ ಕಟ್ಟನ್ನೂ ಕೊಟ್ಟಿದ್ದೇನೆ. ಕಾಗದ ಓದಿ ಮುಗಿಸಿದ ಮೇಲೆ ಕಟ್ಟು ಬಿಚ್ಚು.

ನನ್ನ ಕೆಲಸ ನಿನಗೆ ಗೊತ್ತಲ್ಲ, ಹೊಲದ ಯಂತ್ರಗಳ ರಿಪೇರಿ. ಇಲ್ಲಿ ದನದ ಮೇವು ಕೊಯ್ಯುವ ಯಂತ್ರದ ಹಲ್ಲು ಮಣ್ಣಿನೊಳಗಿನ ಕಬ್ಬಿಣಕ್ಕೆ ತಾಗಿದರೆ ಮುಗಿಯಿತು. ಆದ್ದರಿಂದ ಹೊಸ ಹೊಲ ಉಳುವ ಮೊದಲು ನನ್ನನ್ನು ಕರೆಯುತ್ತಾರೆ. ಕಬ್ಬಿಣ ಪತ್ತೆ ಮಾಡುವ ಯಂತ್ರ ಒಂದಿದೆ ನನ್ನ ಹತ್ತಿರ, ಉದ್ದ ಕೋಲಿನ ತುದಿಗೆ ತಟ್ಟೆ ಕಟ್ಟಿದ ಹಾಗೆ. ಅದನ್ನು ನೆಲದ ಮೇಲೆ ಆಡಿಸುತ್ತಾ ಹೋದರೆ ಕಬ್ಬಿಣ ಇದ್ದಲ್ಲಿ ಕುಂಯ್ ಅನ್ನುತ್ತದೆ. ಸಿಕ್ಕಿದ ಗುಜರಿ ನನ್ನದು, ಚೊಕ್ಕವಾದ ಹೊಲ ಅವರದು. ಇಬ್ಬರಿಗೂ ಗಿಟ್ಟುತ್ತದೆ.

ಹೋದ ತಿಂಗಳು ಅಬೂ ಮಾಜಿದ್ ಎಂಬವರ ಹೊಲಕ್ಕೆ ಹೋದೆ. ಜಾಗ ಕೊಂಡು ವರ್ಷ ಆಗಿಲ್ಲ. ಒಂದು ಮೂಲೆಯಲ್ಲಿ, ಹಳೇ ಕೋಣೆಯ ಪಾಯದಂತಿದ್ದ ಕಡೆ, ಯಂತ್ರ ಕಿರುಚಿಕೊಂಡಿತು. ಅಗೆದರೆ ಡಾಂಬರು ಬಳಿದ ಗೋಣಿತಟ್ಟಿನಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿದ ಗಂಟು. ಬಿಚ್ಚಿದೆವು. ಮೂರು ಕಬ್ಬಿಣದ ಕಾಲು, ಒಂದು ದಪ್ಪ ಕೊಳವೆ, ಮೊಣಕೈ ಉದ್ದದ ತಿರುಪಿನ ಸಲಾಕೆ, ತುಕ್ಕಿನ ಹೊಪ್ಪಳೆಯೊಳಗೆ ಒಂದು ದುಂಡು ಬಿಲ್ಲೆ.

ಅಬೂ ಮಾಜಿದರ ಮುಖ ಬಿಳಚಿಕೊಂಡಿತು. ಪುರಾತನ ವಸ್ತು ಅಂತಾದರೆ ಸರಕಾರಕ್ಕೆ ತಿಳಿಸಬೇಕು, ಅವರು ಬಂದು ನೋಡುವವರೆಗೆ ನೇಗಿಲು ಇಳಿಸುವ ಹಾಗಿಲ್ಲ. ಅವರ ಅಳಿಯ ಫೋನಿನಲ್ಲಿ ಚಿತ್ರ ನೋಡಿ, ಹಳೇ ಕಾಲದ ನಾಣ್ಯ ಒತ್ತುವ ಯಂತ್ರ ಎಂದ. ಟ್ರ್ಯಾಕ್ಟರಿನ ಪಠಾಣ, "ಕಳ್ಳರ ಬೆರಳು ಜಜ್ಜುವುದು ಇದರಲ್ಲೇ" ಎಂದು ತನ್ನ ಬೆರಳನ್ನು ಹಿಂದಕ್ಕೆಳೆದುಕೊಂಡ. ಇಮ್ತಿಯಾಜ್ ಮಾತ್ರ, "ಕೊರಗಣ್ಣ, ಎಂತದ್ದೇ ಆಗಲಿ, ನಮ್ಮ ಗಾಡಿಯಲ್ಲಿ ಹಾಕುವುದು ಬೇಡ" ಎಂದ.

ನಾನು ಕಾಲು ಮೂರನ್ನೂ ನೆಲಕ್ಕೆ ಊರಿ, ಕೊಳವೆ ಕೂರಿಸಿ, ತಿರುಪು ಇಳಿಸಿದೆ. ನೋಡಿ ನಗು ತಡೆಯಲಾಗಲಿಲ್ಲ. ಸೌದಿ ಅರೇಬಿಯದ ಮಣ್ಣಿನೊಳಗೆ ಸೇಮಿಗೆ ಒತ್ತುವ ಮಣೆ!

"ಇದು ಅಕ್ಕಿಹಿಟ್ಟಿಗೆ ಶಿಕ್ಷೆ ಕೊಡುವುದು" ಎಂದು ಪಠಾಣನಿಗೆ ಹೇಳಿದೆ. ಅಬೂ ಮಾಜಿದರಿಗೆ ಜೀವ ಬಂತು. ಇಮ್ತಿಯಾಜ್ ಕಣ್ಣು ಮಿಟುಕಿಸಿ, "ಕೊರಗಣ್ಣ, ಯಾರೋ ನಮ್ಮೂರಿನವ ಇಲ್ಲಿ ಸಂಸಾರ ಹೂಡಿದ್ದ. ಒಬ್ಬನೇ ಇರುವವನಿಗೆ ಸೇಮಿಗೆ ಮಣೆ ಯಾಕೆ? ತಿರುಗಿಸಲು ಒಬ್ಬರು ಬೇಕು, ಕೆಳಗೆ ತಟ್ಟೆ ಹಿಡಿಯಲು ಇನ್ನೊಬ್ಬರು ಬೇಕು" ಎಂದ. ನಿಜವೇ. ರೂಮಿನಲ್ಲಿ ಬೇಯಿಸಿಕೊಳ್ಳುವ ಗಂಡಸು ಅಂಗಡಿಯ ಕುಬೂಸ್ ರೊಟ್ಟಿ ತಿಂದು ಬದುಕುತ್ತಾನೆ, ಹೆಚ್ಚೆಂದರೆ ಗಂಜಿ ಮಾಡುತ್ತಾನೆ. ಸೇಮಿಗೆ ಒತ್ತುವ ಮನೆಯಲ್ಲಿ ಹೆಂಗಸು ಇರಲೇಬೇಕು. ನಾನೂ ಆ ಪುಣ್ಯಾತ್ಮನ ರಸಿಕತೆಯ ಬಗ್ಗೆ ಒಂದೆರಡು ಮಾತು ಸೇರಿಸಿದೆ. ಸೇರಿಸುತ್ತಾ ಬಿಲ್ಲೆಯ ತುಕ್ಕನ್ನು ಚಿಂದಿಯಿಂದ ಒರೆಸಿದೆ.

ಮೋಹಿನಿ, ಸಾಧಾರಣ ಬಿಲ್ಲೆಯಲ್ಲಿ ಸೇಮಿಗೆ ಇಳಿಯುವ ತೂತುಗಳು ಸುತ್ತುಸುತ್ತಾಗಿ ಇರುತ್ತವೆ. ಇದರಲ್ಲಿ ಎಂಟು ಎಸಳಿನ ಹೂವಿನ ಹಾಗೆ ಕೊರೆದಿತ್ತು.

ಆ ಹೂವು ಎಲ್ಲಿಯದು ಅಂತ ನಿನಗೆ ಹೇಳಬೇಕಾಗಿಲ್ಲ. ಮದುವೆಯಾದ ಹೊಸತರಲ್ಲಿ ಜಯಪ್ರಕಾಶ ಭಾವ ಕಾರ್ಕಳದ ಲೇತ್ ಶಾಪಿನಲ್ಲಿ ನಿನಗೆಂದು ಕೊರೆದು ತಂದದ್ದು, ನಮ್ಮ ಅಮ್ಮ "ಹೊಟ್ಟೆಗೆ ಹೋಗುವ ಸೇಮಿಗೆಗೆ ಹೂವಿನ ಶೃಂಗಾರ ಬೇರೆ" ಎಂದು ನಕ್ಕದ್ದು ನೆನಪಿದೆಯಲ್ಲ? ಆ ಬಿಲ್ಲೆ ಇವತ್ತಿಗೂ ನಿನ್ನ ಅಡುಗೆಮನೆಯ ಗೋಡೆಯಲ್ಲಿ ತೂಗುತ್ತದೆ. ಅದರದೇ ಅವಳಿ ನನ್ನ ಅಂಗೈಯಲ್ಲಿತ್ತು. ಅಗೆದ ಗುಂಡಿಯ ಅಂಚಿನಲ್ಲೇ ಕುಳಿತುಬಿಟ್ಟೆ. ಇಮ್ತಿಯಾಜ್ ಶುಗರ್ ಇಳಿಯಿತೆಂದು ಖರ್ಜೂರ ತಂದು ಬಾಯಿಗೆ ತುರುಕಿದ.

ಆಮೇಲೆ ಬಂದದ್ದು ಕೋಪ. ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ರಿಯಾದ್‌ನಿಂದ ಭವ್ಯಶ್ರೀ ಸಣ್ಣವಳಿದ್ದಾಗ ಬಂದ ಭಾವನ ಕೊನೆಯ ಕಾಗದದಲ್ಲಿ "ಮುಂದಿನ ಸಲ ಒಂದು ಸಿಹಿ ಸುದ್ದಿ ಬರೆಯುತ್ತೇನೆ" ಎಂದು ಬರೆದವರು ಮತ್ತೆ ಬರೆಯಲೇ ಇಲ್ಲ. ಮೊದಲ ಕೆಲಸದಿಂದ ಓಡಿಹೋಗಿದ್ದಾರೆ ಎಂದಷ್ಟೇ ಆ ಕಂಪೆನಿಯವರು ಹೇಳಿದ್ದರು. ಊರಿನವರು ಮಿಕ್ಕದ್ದನ್ನು ತಾವೇ ತುಂಬಿಸಿದರು: ಅವನಿಗೆ ಅಲ್ಲೊಬ್ಬಳು ಇದ್ದಾಳೆ, ಅದಕ್ಕೇ. ನೀನು ಪ್ರತಿ ಮದುವೆಮನೆಯಲ್ಲಿ ಕುಂಕುಮ ಇಟ್ಟುಕೊಂಡು, ಹಿಂದಿನ ಸಾಲಿನಲ್ಲಿ ಕುಳಿತು, ಯಾರ ಪ್ರಶ್ನೆಗೂ ಸಿಗದೆ ಊಟ ಮುಗಿಸಿ ಎದ್ದು ಬಂದೆ. ಆ ಮಾತನ್ನು ನಾನು ಯಾವತ್ತೂ ಪೂರ್ತಿ ನಂಬಿರಲಿಲ್ಲ. ಈಗ ಸಾಕ್ಷಿ ಮೂರು ಕಾಲಿನ ಮೇಲೆ ನಿಂತು ನನ್ನನ್ನೇ ನೋಡುತ್ತಿತ್ತು. ನಿನಗೆ ಕೊರೆದ ಹೂವನ್ನೇ ಇನ್ನೊಬ್ಬಳಿಗೂ ಕೊರೆದನಲ್ಲ! ಇದನ್ನು ಯಾವ ಬಾಯಿಯಲ್ಲಿ ನಿನಗೆ ಹೇಳಲಿ? ನನ್ನ ಮೌನಕ್ಕೆ ಕಾರಣ ಅದು.

ಸುಮ್ಮನಿರಲೂ ಆಗಲಿಲ್ಲ. ಲೆಕ್ಕದಲ್ಲಿ ಒಂದು ಐಟಂ ಕಡಿಮೆ ಇತ್ತು. ತಿರುಪು ಇದೆ, ಅದರ ತಲೆಯ ತೂತಿಗೆ ತೂರಿಸಿ ತಿರುಗಿಸುವ ಅಡ್ಡ ಸರಳು ಇಲ್ಲ. ಇಷ್ಟು ಜೋಪಾನವಾಗಿ ಹೂತವರು ಅದನ್ನು ಯಾಕೆ ಬಿಟ್ಟರು? ಜಾಗ ಮಾರಿದವರು ಯಾರೆಂದು ಅಬೂ ಮಾಜಿದರಲ್ಲಿ ಕೇಳಿದೆ. ಹಳೇ ಯಜಮಾನರು ತೀರಿಹೋಗಿದ್ದಾರೆ, ಅವರ ಹೆಂಡತಿ ಖೌಲಾ ಪಟ್ಟಣದ ಅಂಚಿನಲ್ಲಿ ಮಗನ ಜೊತೆ ಇದ್ದಾರೆ ಎಂದರು. ಅವರೇ ಫೋನ್ ಮಾಡಿಕೊಟ್ಟರು.

ಮೊನ್ನೆ ಸೋಮವಾರ ಸಂಜೆಯ ಅಸರ್ ನಮಾಜಿನ ನಂತರ ನಾನು, ಇಮ್ತಿಯಾಜ್ ಹೋದೆವು. ಮಗ ಕಾಫಿ ಸುರಿದ. ಖೌಲಾ ಅಮ್ಮ ಎದುರಿನ ಚಾಪೆಯಲ್ಲಿ ಕುಳಿತರು; ವಯಸ್ಸಾಗಿದೆ, ಮುಖ ಮುಚ್ಚಿದ್ದರೂ ಕಣ್ಣು ಚುರುಕು. ನಾನು ಬಿಲ್ಲೆಯನ್ನು ಚಾಪೆಯ ಮೇಲಿಟ್ಟೆ. ಆಕೆ ಅದನ್ನು ಎತ್ತಿಕೊಂಡು ಹೆಬ್ಬೆರಳಿನಲ್ಲಿ ಎಸಳು ಎಸಳಾಗಿ ಸವರಿದರು.

"ಪ್ರಕಾಶ್" ಎಂದರು. "ನೀನು ಅವನಿಗೆ ಏನಾಗಬೇಕು?"

"ಅವನ ಹೆಂಡತಿಯ ಅಣ್ಣ."

ಆಕೆ ಬಿಲ್ಲೆಯನ್ನು ಮೆಲ್ಲ ನನ್ನ ಮುಂದಕ್ಕೆ ಸರಿಸಿದರು. ಆಮೇಲೆ ಮಗನ ಕಡೆ ತಿರುಗಿ ಗದರಿಸುವ ದನಿಯಲ್ಲಿ, "ಯಲ್ಲಾ, ಏಳು, ಆಡಿನ ಕೊಟ್ಟಿಗೆಯ ಬಾಗಿಲಿಗೆ ಹಾಕಿದ ಸರಳನ್ನು ತಾ. ಅದು ಇವರದ್ದು" ಎಂದರು.

ಮಗ ತಂದ. ಆಡುಗಳು ಉಜ್ಜಿ ಉಜ್ಜಿ ನಯವಾದ ಕಬ್ಬಿಣ. ಒಂದು ತುದಿ ನೇರ. ಇನ್ನೊಂದು ತುದಿ ನಡುವಿನಿಂದ ಕೆಳಕ್ಕೆ ಬಗ್ಗಿತ್ತು.

ನೀನೀಗ ಈ ಕಾಗದ ಕೆಳಗಿಟ್ಟು ನಿನ್ನ ಎಡಗೈ ನೋಡಿಕೊಳ್ಳುತ್ತಿದ್ದೀ, ಗೊತ್ತು. ಸಣ್ಣವಳಿದ್ದಾಗ ಗೇರುಮರದಿಂದ ಬಿದ್ದು, ಮೊಣಕೈ ಸೊಟ್ಟ ಕೂತು, ಆ ಕೈ ಹೆಗಲಿನಿಂದ ಮೇಲೆ ಹೋಗದ ಹಾಗಾಯಿತು. ಆದರೂ ಸೇಮಿಗೆ ನಾನೇ ಒತ್ತುವುದು ಎಂದು ನಿನ್ನ ಹಟ. ಅಪ್ಪ ಆಚಾರಿಯ ಹತ್ತಿರ ನಮ್ಮ ಮಣೆಯ ಸರಳನ್ನು ಎಡಗಡೆ ಕೆಳಕ್ಕೆ ಬಗ್ಗಿಸಿ ತಂದರು. ನೀನು ಹಿಡಿದ ಹಿಡಿ ಬಿಡದೆ ಗಾಣದ ಎತ್ತಿನ ಹಾಗೆ ಮಣೆಯ ಸುತ್ತ ತಿರುಗುತ್ತಿದ್ದೆ, ಕೆಳಗೆ ತಟ್ಟೆ ಹಿಡಿದ ಅಮ್ಮ "ನನ್ನ ತಲೆ ಒಡೀಬೇಡ ಹೆಣ್ಣೇ" ಎಂದು ಬಗ್ಗಿಬಗ್ಗಿ ಬೈಯುತ್ತಿದ್ದಳು. ಅಂಥ ಸರಳು ಲೋಕದಲ್ಲಿ ಇನ್ನೊಂದು ಮನೆಯಲ್ಲಿರಲು ಸಾಧ್ಯವಿಲ್ಲ. ಇನ್ಯಾವ ಹೆಂಗಸಿಗೂ ಅದು ಬೇಕಾಗಿಯೂ ಇಲ್ಲ.

ಖೌಲಾ ಅಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಮ್ಮ ಪಂಪು ನೋಡಿಕೊಳ್ಳುತ್ತಿದ್ದ. ವೀಸಾ ಕೊಟ್ಟು ಕರೆಸಿದ ಮೊದಲ ಧಣಿ, ಆ ಕಫೀಲನ ಹತ್ತಿರ ಕಾಗದಪತ್ರ ಸಿಕ್ಕಿಬಿದ್ದಿತ್ತು. ನಮ್ಮ ಯಜಮಾನರು ಅದನ್ನು ತಮ್ಮ ಹೆಸರಿಗೆ ಮಾಡಿಸಿ, ಅವನ ಹೆಂಡತಿಗೂ ವೀಸಾ ತೆಗೆಸಿಕೊಡುತ್ತೇನೆ ಎಂದಿದ್ದರು. ಮಗುವನ್ನೂ ಕರೆದುಕೊಂಡು ಬರಲಿ ಎಂದೆ ನಾನು. ಅಂದಿನಿಂದ ಅವನಿಗೆ ಹುಚ್ಚು. ಕೆಲಸ ಮುಗಿಸಿ ಬಂದು ತಾನೇ ಕೋಣೆ ಕಟ್ಟಿದ. ಹಳೇ ಲಾರಿಯ ಕಬ್ಬಿಣ ತಂದು ಇದನ್ನು ಮಾಡಿದ. ಇದೇನು ಎಂದು ನಮ್ಮವರು ಕೇಳಿದರೆ, ಎಡಗೈಯನ್ನು ಹೀಗೆ ಮಡಚಿಕೊಂಡು ಇದರ ಸುತ್ತ ನಡೆದು ತೋರಿಸಿದ. ನನ್ನ ಹೆಂಡತಿ ಹೀಗೆ ತಿರುಗುತ್ತಾಳೆ, ನಾನು ಕೆಳಗೆ ಕುಳಿತು ತಟ್ಟೆ ಹಿಡಿಯುತ್ತೇನೆ ಎಂದ. ನಾವೆಲ್ಲ ನಕ್ಕೆವು. ಅವನು ಇನ್ನೂ ಎರಡು ಸುತ್ತು ಜಾಸ್ತಿ ತಿರುಗಿದ."

ಇಮ್ತಿಯಾಜ್ ಮುಖ ತಿರುಗಿಸಿ ಮೂಗು ಒರೆಸಿಕೊಂಡ.

ಕೋಣೆ ಬೀಳಿಸುವ ದಿನ, ಇದು ಪರರು ನಂಬಿ ಬಿಟ್ಟ ಅಮಾನತ್ತು, ಗುಜರಿಗೆ ಹಾಕಬಾರದು, ಅವನ ಕಡೆಯವರು ಬಂದೇ ಬರುತ್ತಾರೆ ಎಂದು ಆಕೆಯ ಗಂಡ ತಾವೇ ಡಾಂಬರು ಬಳಿದು ಹೂತಿಟ್ಟರಂತೆ. ಸರಳು ಗೋಣಿಗೆ ಉದ್ದವಾಯಿತು, ಹೊರಗೆ ಉಳಿಯಿತು. ಯಜಮಾನರು ಹೋದ ಮೇಲೆ ಹೂತ ಜಾಗ ಇವರ್ಯಾರಿಗೂ ನೆನಪಿರಲಿಲ್ಲ.

ತಂಗಿ, ಊರು ನಿನಗೆ ಹೇಳಿದ್ದೆಲ್ಲ ಸುಳ್ಳು. ನಾನು ಕೋಪದಲ್ಲಿ ಕೂಡಿಸಿದ್ದೂ ಸುಳ್ಳು. ಭಾವ ನಿನ್ನನ್ನು ಬಿಟ್ಟು ಹೋದವರಲ್ಲ, ನಿನ್ನನ್ನು ಕರೆಸಿಕೊಳ್ಳಲು ಮನೆ ಕಟ್ಟುತ್ತಿದ್ದವರು. ಇನ್ನು ಯಾವ ಮದುವೆಮನೆಯಲ್ಲೂ ಹಿಂದಿನ ಸಾಲು ಹುಡುಕಬೇಡ.

ಕಟ್ಟಿನಲ್ಲಿರುವುದು ಆ ಬಿಲ್ಲೆ. ತುಕ್ಕು ತೆಗೆದು ಎಣ್ಣೆ ಹಚ್ಚಿದ್ದೇನೆ. ಮಣೆಯನ್ನೂ ಸರಳನ್ನೂ ಮದುವೆಗೆ ಬರುವಾಗ ನಾನೇ ಹೊತ್ತು ತರುತ್ತೇನೆ. ವಿಮಾನದವರ ಜೊತೆ ಜಗಳವಾದರೆ ಆಗಲಿ, ಜಗಳದಲ್ಲಿ ನಾನು ಕಡಿಮೆಯವನಲ್ಲ. ಮಗಳು ಭವ್ಯಶ್ರೀಗೆ ಮಾವನ ತುಂಬು ಹಾರೈಕೆ. ಅವಳ ಅಪ್ಪ ಕೊರೆದ ಹೂವು ಎಂದು ಹೇಳಿ ಮೊದಲು ಅವಳ ಕೈಗೆ ಕೊಡು. ನಿನ್ನ ತಲೆಯ ಮೇಲೆ ಕೈಯಿಟ್ಟು ಇದನ್ನು ಹೇಳಬೇಕಿತ್ತು, ದೂರದಲ್ಲಿದ್ದೇನೆ.

ನಿನ್ನ ಅಣ್ಣ,
ಕೊರಗಪ್ಪ

ಮ.ಸೂ: ನೀನು ಕೇಳಿದ ಪ್ರಶ್ನೆಯ ಸುತ್ತ ಇಷ್ಟು ಪುಟ ತಿರುಗಿದೆ, ನೀನು ಮಣೆಯ ಸುತ್ತ ತಿರುಗಿದ ಹಾಗೆ. ಇನ್ನು ಆಗುವುದಿಲ್ಲ. ಕಾಗದದಲ್ಲಿ "ದಿವಂಗತ" ಎಂದೇ ಹಾಕಿಸು ಮೋಹಿನಿ. ಆ ಮಣೆ ಮಾಡಿದ ಚಳಿಗಾಲದಲ್ಲೇ, ಕೋಣೆಗೆ ಮಾಡು ಹಾಕುವ ಮೊದಲೇ, ಬಾವಿಯೊಳಗಿನ ಡೀಸೆಲ್ ಪಂಪು ಸರಿ ಮಾಡಲು ಇಳಿದ ಭಾವ ಹೊಗೆ ತುಂಬಿ ಮೇಲೆ ಬರಲಿಲ್ಲ. ಕೈಯಲ್ಲಿ ಕಾಗದಪತ್ರ ಇಲ್ಲದವರು, ಪೂರ್ತಿ ಹೆಸರಾಗಲಿ ಊರಾಗಲಿ ಇವರಿಗೆ ಗೊತ್ತಿರಲಿಲ್ಲ. ಪೊಲೀಸರು ಬಂದು ಒಯ್ದರು. ಎಲ್ಲಿ ಮಣ್ಣು ಮಾಡಿದರೋ ಹುಡುಕುತ್ತಿದ್ದೇನೆ.

ಹೊರಡುವಾಗ ಖೌಲಾ ಅಮ್ಮ ಬಾಗಿಲವರೆಗೆ ಬಂದು ಒಂದೇ ಮಾತು ಕೇಳಿದರು: "ಅವಳ ಕೈ ಈಗ ಹೇಗಿದೆ?" ತಂಗಿಯನ್ನೇ ಕೇಳಿ ಹೇಳುತ್ತೇನೆ ಎಂದು ಬಂದೆ. ಎಂತ ಹೇಳಲಿ, ಬರೆ.