ನಾಲ್ಕನೆಯ ಫಾರಂ

ಅಪ್ಪಾ,

ಎದುರಿಗೆ ಹೇಳಲು ಧೈರ್ಯ ಸಾಲದೆ ಬರೆಯುತ್ತಿದ್ದೇನೆ. ಶಾಲೆ ಬಿಟ್ಟು ನಿನ್ನ ಬೈಂಡಿಂಗ್ ಅಂಗಡಿಗೆ ಬಂದ ಮೊದಲ ವಾರವೇ ನಿನ್ನ ಕಾದಂಬರಿಯ ಒಂದು ಪ್ರತಿಯನ್ನು ಕೆಡಿಸಿದೆ. ಹದಿನಾರು ಪುಟಗಳ ಒಂದು ಮಡಿಕೆಗೆ ಫಾರಂ ಎನ್ನುತ್ತೀಯಲ್ಲ, ಮೂರನೆಯದನ್ನೇ ಎರಡು ಸಲ ಸೇರಿಸಿ ಹೊಲಿದೆ. ನಾಲ್ಕನೆಯದು ಕೈಯಲ್ಲೇ ಉಳಿಯಿತು. "ಶಾಲೆಯಂತೂ ಬಿಟ್ಟೆ, ಎಣಿಸೋದಾದ್ರೂ ಕಲಿ ತಾಯಿ" ಎಂದು ನೀನು ಆಗಷ್ಟೇ ನಕ್ಕಿದ್ದೆ. ಹೆದರಿ ಅದನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟೆ, ಕೆಟ್ಟ ಪ್ರತಿ ಉಳಿದವುಗಳ ಜೊತೆ ಮಾರಾಟಕ್ಕೆ ಹೋಯಿತು. ಮೂರು ವರ್ಷವಾಯಿತು.

ಓದುಗರು ತಮ್ಮಲ್ಲಿರುವ ಪುಸ್ತಕಗಳನ್ನು ಪಟ್ಟಿ ಮಾಡುವ ಜಾಲತಾಣವೊಂದಿದೆ. ಅಲ್ಲಿ ನಿನ್ನ ಹೆಸರು ಹುಡುಕಿದರೆ ಆ ಪ್ರತಿಯೇ ಸಿಗಬೇಕೇ! ಗಡಿಯಾರ ರಿಪೇರಿ ಮಾಡುವ ಅಜ್ಜಿಯೊಬ್ಬರು ಬರೆದಿದ್ದಾರೆ: "ಅಂಬಿಗ ಹೊಳೆಗೆ ಹಾರಿದ. ಮುಂದಿನ ಹದಿನಾರು ಪುಟ ಎಲ್ಲಿ ಹೋದ್ವಪ್ಪಾ? ಬದುಕಿದ್ನಾ, ಸತ್ನಾ?"

"ಯಾರೂ ಓದಲಿಲ್ಲ" ಎಂದು ನೀನು ಬರೆಯುವುದನ್ನೇ ಬಿಟ್ಟೆಯಲ್ಲ, ಇವರು ಒಂದು ವರ್ಷದಿಂದ ಕಾಯುತ್ತಿದ್ದಾರೆ.

ನಿನಗಾಗಿ ಲೇಖಕರ ಪುಟ ತೆರೆಯಲು ಹೊರಟೆ. ಪರಿಚಯದಲ್ಲಿ "ಬೈಂಡರ್. ಮಾತು ಕಡಿಮೆ. ಟೀ ಆರಿದ ಮೇಲೆ ಕುಡಿಯುತ್ತಾರೆ" ಎಂದು ಬರೆದೆ. "ನೀವೇ ಲೇಖಕರೇ?" ಎಂದು ಜಾಲತಾಣ ಕೇಳಿತು. ಸುಳ್ಳು ಹೇಳಲಾಗದೆ ಅಲ್ಲಿಗೇ ನಿಲ್ಲಿಸಿದೆ. ಹೌದು ಎಂದು ಒತ್ತಬೇಕಾದವನು ನೀನು. "ಈಗ ಏನು ಬರೆಯುತ್ತಿದ್ದೀರಿ?" ಎಂಬ ಜಾಗವೂ ಖಾಲಿಯಿದೆ, ಅಲ್ಲಿ ಏನು ತುಂಬುತ್ತೀಯೋ ಎಂಬ ಕುತೂಹಲ ನನಗೂ ಇದೆ. ಪಾಸ್‌ವರ್ಡನ್ನು ಅಂಟಿನ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದೇನೆ.

ನಾನು ಬರೆದು ಕೇಳಿದ್ದಕ್ಕೆ ಅಜ್ಜಿ ವಿಳಾಸ ಕೊಟ್ಟಿದ್ದಾರೆ. ಅಂಬಿಗನ ಗತಿ ಓದುವಾಗ ಅವರ ಮುಖ ಹೇಗಾಗುತ್ತದೆಂದು ನೋಡಬೇಕು. ಫಾರಂ, ಸೂಜಿ, ದಾರ ಚೀಲಕ್ಕೆ ಹಾಕಿಕೊಂಡಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ಎಣಿಸಲು ಕಲಿತಿರುವ,
ನಿನ್ನ ಮಗಳು