ತಾರಾಳ ಬೆನ್ನಿಗೆ ಸಿಂಬಿ

೧೩ ನವೆಂಬರ್ ೧೯೬೧, ಬೆಳಿಗ್ಗೆ

ಕುದುರೆಯ ಬೆನ್ನಿಗೆ ಅರಿಶಿನ ಎಣ್ಣೆ ಹಚ್ಚಿದ್ದಾಯಿತು. ಹಚ್ಚುವಾಗ ತಾರಾ ನನ್ನ ಟೊಪ್ಪಿಗೆ ಕಚ್ಚಿದಳು. ಎಂದಿನಂತೆ.

ಮಳೆಗಾಲದಲ್ಲಿ ಹಳ್ಳದ ದಂಡೆಯಲ್ಲಿ ಜಾರಿ ಎಡಹೆಗಲು ಉಳುಕಿಸಿಕೊಂಡಿದ್ದಳು. ಆವತ್ತಿನಿಂದ ಕೊಟ್ಟಿಗೆಯಲ್ಲೇ ವಿಶ್ರಾಂತಿ. ಈಗ ಕುಂಟಿಲ್ಲ. ದನದ ಡಾಕ್ಟರು ಸರ್ಟಿಫಿಕೇಟು ಕೊಟ್ಟವರಂತೆ ಹೇಳಿ ಹೋದರು: ‘ಕಾಲು ಪಾಸಾಗೇದರಿ. ಸಾವಕಾಶ ಹತ್ರಿ.’

ನಿನ್ನೆ ಹತ್ತಿದೆ. ಬೆನ್ನು ಕೆಳಗೆ ಜಗ್ಗಿ, ಕಿವಿ ಹಿಂದಕ್ಕೆ ಮಾಡಿ ನಿಂತುಬಿಟ್ಟಳು. ಜೀನು ಇಳಿಸಿ ನೋಡಿದರೆ ನಡುಬೆನ್ನಿನ ಎಲುಬಿನ ಮೇಲೆ ರೂಪಾಯಿ ಅಗಲ ಚರ್ಮ ಕಿತ್ತಿದೆ.

ಕಾಲಿನ ಕುಂಟು ಹೋಯಿತು ಮೆಲ್ಲಗೆ,
ಬೆನ್ನಿನ ಗಂಟು ಬಂದಿತು ಅಲ್ಲಿಗೆ.

ಶಾಲೆ ಮಾಸ್ತರನ ಪ್ರಾಸ, ಸುಮಾರು. ರೋಗಿಯ ಪಕ್ಕದಲ್ಲಿ ಕೂತು ಕಟ್ಟಿದ್ದು.

೧೯ ನವೆಂಬರ್, ರವಿವಾರ

ಶಂಕ್ರೆಪ್ಪಣ್ಣ ಉಂಡೆದ್ದು ಅಡಿಕೆ ಬಾಯಿಗೆ ಹಾಕಿಕೊಂಡ. ಅಂದರೆ ತೀರ್ಪು ಬರಲಿದೆ ಎಂದೇ ಅರ್ಥ. ಅಪ್ಪ ಹೋದ ಮೇಲೆ ಈ ಮನೆಯಲ್ಲಿ ಅಣ್ಣನ ಮಾತೇ ಕೊನೆ.

‘ಅಮರಪ್ಪಾ, ಕುದರಿ ಅಂದಮ್ಯಾಲ ಮಂದೀನ ಹೊರಬೇಕು. ನೀ ಅದಕ್ಕ ಪಿಂಚಣಿ ಕೊಡಾಕ ಹೊಂಟಿ.’

‘ಇನ್ನೊಂದೀಟು ದಿನ ತಡಿ ಅಣ್ಣಾ.’

‘ಯುಗಾದಿ ತನಕ ತಡೀತೇನಿ. ಅಷ್ಟರಾಗ ನಿನ್ನ ತಾರಾ ಆಳ ಹೊತ್ತಳೋ, ಇರತಾಳ. ಇಲ್ಲಂದ್ರ ಖಂಡಪ್ಪ ಒಯ್ಯತಾನ. ಮಾತ ಕೊಟ್ಟೇನಿ.’

ಖಂಡಪ್ಪನದು ವಿಜಾಪುರದಲ್ಲಿ ಟಾಂಗಾ. ಮನುಷ್ಯ ಕೆಟ್ಟವನಲ್ಲ, ಟಾಂಗಾ ಕೆಟ್ಟದ್ದು. ಈಗಷ್ಟೇ ಕೂಡಿದ ಹೆಗಲಿನಿಂದ ಕಲ್ಲು ರಸ್ತೆಯಲ್ಲಿ ಸ್ಟೇಷನ್ನಿನ ಜನವನ್ನೂ ಟ್ರಂಕನ್ನೂ ಎಳೆಯಬೇಕು. ವರ್ಷದೊಳಗೆ ಮುಗಿಯುತ್ತಾಳೆ. ಅದು ಅಣ್ಣನಿಗೂ ಗೊತ್ತು, ಅದಕ್ಕೇ ನನ್ನ ಮುಖ ನೋಡದೆ ಹೇಳಿದ.

೨೭ ನವೆಂಬರ್

ಗಾಯ ಮಾದಿದೆ. ಹೆಂಡತಿ ರುದ್ರವ್ವ ಹಳೆ ಸೀರೆಗಳಿಂದ ತಾನೇ ಹೊಲಿದ ಕೌದಿ ತಂದು ಜೀನಿನ ಅಡಿ ಹಾಸಿದಳು. ‘ಮೆತ್ತಗಾಗಲಿ, ಪಾಪ.’ ಸಾಲದೆಂದು ಇನ್ನೊಂದು. ಇವತ್ತು ಮೂರನೆಯದು. ತಾರಾಳ ಬೆನ್ನು ಬಾಣಂತಿಯ ಕೋಣೆಯಂತಾಗಿದೆ. ಮೇಲೆ ಕೂತರೆ ನಾನು ಮಾಳಿಗೆಯಲ್ಲಿದ್ದಂತೆ.

ನೋವು ಕಡಿಮೆಯಾಗಲಿಲ್ಲ. ಹೊಟ್ಟೆಪಟ್ಟಿ ಬಿಗಿಯುವ ಹೊತ್ತಿಗೇ ಹಲ್ಲು ತೋರಿಸಿದಳು. ಕೌದಿ ಹೆಚ್ಚಿದಷ್ಟೂ ಸಿಟ್ಟು ಹೆಚ್ಚು. ಇದೇನು ಲೆಕ್ಕ?

೩ ಡಿಸೆಂಬರ್, ರವಿವಾರ, ಮಧ್ಯಾಹ್ನ

ಸಿಕ್ಕಿತು!

ಮುಟ್ಟಿ ನೋಡಿದರೆ ತಿಳಿಯದ್ದು ಕಣ್ಣಿಗಾದರೂ ಕಾಣಲೆಂದು ತಾರಾಳ ಬೆನ್ನಿಗೆ ಜೋಳದ ಹಿಟ್ಟು ಉದುರಿಸಿದೆ. ರುದ್ರವ್ವ ಒಳಗಿನಿಂದಲೇ ಕೂಗಿದಳು: ‘ಅಯ್ಯ ಶಿವನ! ಕುದರಿ ಮ್ಯಾಲ ರೊಟ್ಟಿ ಬಡ್ಯಾವ್ರೇನ್ರಿ? ಅಡಗಿಮನ್ಯಾಗ ಹಂಚು ಖಾಲಿ ಐತಿ.’

ಬರಿಬೆನ್ನಿಗೆ ಜೀನಿಟ್ಟೆ. ಮೇಲೆ ಎರಡೂ ಕೈಯಿಂದ ಒತ್ತಿ ಎತ್ತಿದೆ. ಜೀನಿನ ತಳದಲ್ಲಿ ಹಿಟ್ಟು ಹತ್ತಿದ್ದು ಒಂದೇ ಗೆರೆ, ನಟ್ಟ ನಡುವೆ. ಅಕ್ಕಪಕ್ಕ ಏನೂ ಇಲ್ಲ. ಅಂದರೆ ಸವಾರನ ಭಾರವೆಲ್ಲ ಬೆನ್ನೆಲುಬಿನ ಮೇಲೆ! ಜೀನು ಅಪ್ಪನ ಕಾಲದ್ದು. ತಾರಾ ದುಂಡಗಿದ್ದಾಗ ಹೊಲಿಸಿದ್ದು. ಕಟ್ಟಿ ಹಾಕಿದಲ್ಲೇ ನಿಂತು ಬೆನ್ನಿನ ಮಾಂಸ ಇಳಿದಿದೆ, ಉಳುಕಿದ ಎಡಗಡೆ ಇನ್ನೂ ಹೆಚ್ಚು. ಜೀನು ಎಲುಬಿನ ಮೇಲೆ ಕೂತು ಎಡಕ್ಕೆ ವಾಲುತ್ತದೆ. ಅದರಡಿ ಕೌದಿ ತುರುಕಿದರೆ? ಬಿಗಿ ಬೂಟಿನೊಳಗೆ ಇನ್ನೆರಡು ಕಾಲುಚೀಲ.

‘ಕೌದಿ ಒಳಗ ಒಯ್ಯಿ’ ಎಂದೆ.

ಹೊರಗೆ ಬಂದ ರುದ್ರವ್ವನ ಮುಖ ಇಳಿಯಿತು. ‘ಆಕಿಗೆ ನೋವಂತ ಕೊಟ್ಟೇನಿ. ನಿಮಗ ಕೊಟ್ಟಿಲ್ಲ.’

‘ರುದ್ರವ್ವಾ, ಕೊಡ ಹೊರೂ ಮುಂದ ತಲಿಗೆ ಸಿಂಬಿ ಇಟಗೊಂತಿ. ನಡುವ ಯಾಕ ತೂತ ಇರತೈತಿ?’

‘ತೂತಿಲ್ಲಂದ್ರ ಅದು ಸಿಂಬಿ ಅಲ್ರಿ, ದ್ವಾಸಿ.’

‘ಹಂಗಾರ ಕೊಡದ ಭಾರ ಎಲ್ಲಿ ಕುಂದರತೈತಿ?’

ತಲೆ ಮುಟ್ಟಿಕೊಂಡಳು. ನೆತ್ತಿಯಲ್ಲ, ಅದರ ಸುತ್ತ. ತಾರಾಳ ಬೆನ್ನು ನೋಡಿದಳು. ಮೂರೂ ಕೌದಿ ಎತ್ತಿಕೊಂಡು ಹೋದಳು. ಸಿಟ್ಟು ಇದ್ದೇ ಇದೆ. ರಾತ್ರಿ ಊಟಕ್ಕೆ ತಣ್ಣಗಿನ ರೊಟ್ಟಿ ಬೀಳುವುದು ಖಾತ್ರಿ.

೧೦ ಡಿಸೆಂಬರ್

ವಿಜಾಪುರ. ಅಥಣಿ ರಸ್ತೆಯ ತುದಿಯಲ್ಲಿ ಮಲ್ಲಿಕಸಾಬನ ಅಂಗಡಿ. ಮದುವೆ ಕುದುರೆಗಳ ಜೀನು ಹೊಲಿದೇ ಮುದುಕನಾದವನು.

‘ನನ್ನ ಜೀನಿನ ಬಗ್ಗೆ ಇಲ್ಲೀತನಕ ಒಂದ ಕುದರಿ ತಕರಾರ ಹೇಳಿಲ್ರಿ ಮಾಸ್ತರ್ರ.’

‘ಮ್ಯಾಲ ಕುಂತ ವರ ಹೇಳಿರಬೇಕಲ್ಲ?’

‘ಆವತ್ತ ವರಗ ಬಾಯಿ ಎಲ್ಲಿರತೈತ್ರಿ!’

ನಡುವೆ ಖಾಲಿ ಬಿಟ್ಟು ಎರಡೂ ಕಡೆ ಉದ್ದುದ್ದ ದಿಂಬು ಬೇಕು, ಎಲುಬಿಗೆ ಏನೂ ತಾಗಬಾರದು ಎಂದೆ. ಎದ್ದು ನಿಂತ. ‘ನಡುವ ಗಟಾರ ಬಿಟ್ಟ ಜೀನಾ? ಮಲ್ಲಿಕಸಾಬಗ ಕಣ್ಣ ಹೋಗ್ಯಾವಂತ ಅಂದಾರ!’ ಸಂಜೆಯವರೆಗೆ ವಾದ. ಚಹಾ ಅವನದು, ಬಾಯಿ ನನ್ನದು. ಕೊನೆಗೆ ಒಪ್ಪಿದ, ಒಂದು ಷರತ್ತಿನ ಮೇಲೆ: ಅಂಚಿಗೆ ಕೆಂಪು ಮಖಮಲ್ಲು, ಜರಿ. ‘ಗಟಾರ ಇದ್ರೂ ಚಂದ ಕಾಣಬೇಕ್ರಿ.’ ನಾನೂ ಒಂದು ಕೇಳಿದೆ: ದಿಂಬಿನ ಬಾಯಿ ಹೊಲಿಯದೆ ದಾರ ಕಟ್ಟಿಡಬೇಕು. ಒಳಗಿನ ಕುರಿಯ ಉಣ್ಣೆ ಹಾಕಲು, ತೆಗೆಯಲು ಬರುವಂತೆ.

೨೮ ಜನವರಿ ೧೯೬೨

ಇಷ್ಟು ದಿನ ಬರೆಯಲಿಲ್ಲ. ಕಾಯುವವನು ಏನು ಬರೆಯಬೇಕು? ತಾರಾಳನ್ನು ಹಗ್ಗ ಹಿಡಿದು ದಿಬ್ಬ ಹತ್ತಿಸಿದೆ, ಇಳಿಸಿದೆ. ಬರಿಬೆನ್ನು.

ಮೊನ್ನೆ ಜೀನು ಬಂತು. ಇಂದು ಹತ್ತಿದೆ. ಎಡ ದಿಂಬಿಗೆ ಉಣ್ಣೆ ಹೆಚ್ಚು ತುಂಬಿಸಿದೆ, ಬೆನ್ನು ಅಲ್ಲಿ ತಗ್ಗಿದೆ. ತಿರುಗಿ ನನ್ನ ಮೊಣಕಾಲು ಮೂಸಿದಳು... ಹಲ್ಲು ತೋರಿಸಲಿಲ್ಲ! ಬಾವಿಯ ಸುತ್ತ ನಡೆದಳು. ತಲೆ ಕೆಳಗೆ ಬಿಟ್ಟು, ಆರಾಮ. ಹಿಟ್ಟಿನ ಪರೀಕ್ಷೆ: ಎರಡು ಅಗಲ ಪಟ್ಟೆ, ನಡುವೆ ಖಾಲಿ. ರುದ್ರವ್ವ ಬಾಗಿಲಲ್ಲಿ ನಿಂತು, ‘ಮಾಸ್ತರ್ರು ಎರಡನೇ ಮದಿವಿಗೆ ಹೊಂಟಾರ’ ಎಂದಳು. ಜರಿ ಹೊಳೆಯುತ್ತಿತ್ತು. ಅವಳೂ ನಗುತ್ತಿದ್ದಳು. ಮುನಿಸು ಮುಗಿಯಿತು.

೨೫ ಫೆಬ್ರವರಿ

ಜೀನು ಬಲಕ್ಕೆ ವಾಲುತ್ತಿದೆ. ಎಡ ಬಿಗಿ. ಮತ್ತೆ ಕಿವಿ ಹಿಂದಕ್ಕೆ. ಎಲ್ಲ ಕೆಟ್ಟಿತೆಂದು ಕಟ್ಟೆಯ ಮೇಲೆ ಕೂತೆ. ಆಮೇಲೆ ಎದ್ದು ಬೆನ್ನು ತಡವಿದೆ. ಎಡಗಡೆ ತಗ್ಗೇ ಇಲ್ಲ! ಮಾಂಸ ತುಂಬಿದೆ, ಜೀನು ಮಾತ್ರ ಜನವರಿಯಲ್ಲೇ ಇದೆ. ದಾರ ಬಿಚ್ಚಿ ಒಂದು ಹಿಡಿ ಉಣ್ಣೆ ಎಳೆದೆ. ವಾಲುವುದು ನಿಂತಿತು. ಕಿವಿ ಮುಂದಕ್ಕೆ ಬಂತು.

ದಿಂಬಿನ ಉಣ್ಣೆ ಹೊರಗೆ ಬಂತು,
ಬೆನ್ನಿಗೆ ಖಂಡ ಒಳಗೆ ಬಂತು!

ಇದು ಚೆನ್ನಾಗಿದೆ. ಸವಾರಿಯಲ್ಲಿ ಹುಟ್ಟಿದ್ದು.

೧ ಏಪ್ರಿಲ್, ರವಿವಾರ, ಸಂಜೆ

ಗೆದ್ದೆವು.

ಯುಗಾದಿಗೆ ಇನ್ನು ನಾಲ್ಕೇ ದಿನ, ಖಂಡಪ್ಪ ಬೆಳಿಗ್ಗೆಯೇ ಹಗ್ಗ ಹಿಡಿದು ಬಂದ. ನಾನು ಜೀನು ಬಿಗಿದೆ. ಅಣ್ಣ ನನ್ನನ್ನು ಪಕ್ಕಕ್ಕೆ ಸರಿಸಿದ. ‘ನೀ ಒಣ ಸಜ್ಜಿದಂಟು. ನಿನ್ನ ಹೊತ್ರ ಏನ ಬಂತು? ನಾ ಹತ್ತತೇನಿ.’

ಅಣ್ಣ ಒಳ್ಳೆ ದಪ್ಪ ಆಳು. ಹತ್ತುವಾಗ ರುದ್ರವ್ವ ಕಣ್ಣು ಮುಚ್ಚಿದಳು. ತೊರವಿಗೆ ಹೋಗಿ ತಿರುಗಿ ಬರಬೇಕು, ಅದು ಪರೀಕ್ಷೆ. ಹೋದರು. ಬಿಸಿಲೇರಿತು. ಖಂಡಪ್ಪ ಬೀಡಿಯ ಮೇಲೆ ಬೀಡಿ. ನಾನು ಅಂಗಳವನ್ನು ನಡೆದು ಸವೆಸಿದೆ.

ಮಧ್ಯಾಹ್ನ ದೂಳು ಕಂಡಿತು. ನಡಿಗೆಯಲ್ಲ, ಕುಲುಕುವ ಕುಕ್ಕೋಟ! ಅಣ್ಣನ ರುಮಾಲು ಬಿಚ್ಚಿ ಹಾರಾಡುತ್ತಿದೆ. ಇಳಿದವನು ತಾನೇ ಜೀನು ತೆಗೆದ. ಎರಡೂ ಕಡೆ ಬೆವರು ಒಂದೇ ಸಮ. ನಡುವೆ ಎಲುಬಿನುದ್ದಕ್ಕೂ ಒಣ ಗೆರೆ, ಗಾಳಿಯಾಡಿದ ಗೆರೆ. ಹೆಬ್ಬೆಟ್ಟಿನಿಂದ ಒತ್ತುತ್ತ ಹೋದ, ಹೆಗಲಿನಿಂದ ಸೊಂಟದವರೆಗೆ. ತಾರಾ ಮೇವು ಬಿಟ್ಟು ತಲೆ ಎತ್ತಲಿಲ್ಲ.

‘ಖಂಡಪ್ಪಾ, ಊಟಾ ಮಾಡ್ಕೊಂಡ ಹೋಗು’ ಎಂದ ಅಣ್ಣ. ಅಷ್ಟೇ.

ಖಂಡಪ್ಪ ಹಗ್ಗ ಸುತ್ತಿದ. ‘ಹೋಗತೇನ್ರಿ. ನಿಮ್ಮನ್ನ ಹೊತ್ತ ಕುದರಿ ಟಾಂಗಾ ಎಳ್ಯಾಂಗಿಲ್ರಿ ಗೌಡ್ರ, ಹೊತಗೊಂಡ ಹೋಗತೈತಿ.’

ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣ.

೧೧ ಏಪ್ರಿಲ್, ಬೆಳಿಗ್ಗೆ

ಹೊಸ ತೊಂದರೆ. ಯುಗಾದಿಯ ಮರುದಿನ ಅಣ್ಣ ಬಬಲೇಶ್ವರಕ್ಕೆ ತಾರಾಳನ್ನು ಒಯ್ದ. ಸಾರವಾಡದಲ್ಲಿ ಬೀಗರಿಗೂ ಜೀನು ತೋರಿಸಿ ಬಂದನಂತೆ, ತಾನೇ ಹೊಲಿದವನ ಹಾಗೆ. ಮೊನ್ನೆ ಹೊಲಕ್ಕೆ ಒಯ್ದ. ನಿನ್ನೆ ಸುಮ್ಮನೇ ಒಯ್ದ. ‘ಇದರ ಮ್ಯಾಲ ಕುಂತ್ರ ಇಳ್ಯಾಕ ಮನಸ ಬರೂದಿಲ್ಲಲೇ ತಮ್ಮಾ.’ ಎಷ್ಟೋ ತಿಂಗಳು ಹಿಟ್ಟು ಉದುರಿಸಿದವನು ನಾನು, ಉಣ್ಣೆ ಎಳೆದವನು ನಾನು. ಹೇಳಬೇಕು. ಹಿರಿಯನಾದರೇನು, ಮುಖಕ್ಕೇ ಹೇಳಬೇಕು—

ಹೊರಗೆ ಹೊಟ್ಟೆಪಟ್ಟಿಯ ಸದ್ದು. ಆಗಲೇ ಜೀನು ಹಾಕುತ್ತಿದ್ದಾನೆ! ಇಲ್ಲ ಅಣ್ಣಾ, ಇವತ್ತು ನನ್ನ ಸರದಿ—