ಎಡದ ದೊಡ್ಡಿಯ ತೂಕ

ಮಾರ್ಚ್ ೧೧, ಸೋಮವಾರ
ಬೆಳಗಿನ ಎರಡನೇ ಚಹಾದ ನಂತರ

ಪ್ರೀತಿಯ ಬಟಾಣಿ,

ನಿನ್ನ ಎರಡು ಪತ್ರಗಳಿಗೆ ಉತ್ತರಿಸದೆ ಕೂತಿದ್ದಕ್ಕೆ ಕ್ಷಮೆ ಕೇಳುವ ಮೊದಲು ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ತರ್ಕಶಾಸ್ತ್ರದ ನಿವೃತ್ತ ಮೇಷ್ಟ್ರಾದ ನಾನು, ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ ಹೇಳುವುದೇನೆಂದರೆ: ನೀನು ಕುರಿಮರಿಗಳಿಗೆಂದು ಕಳಿಸಿದ ಪೂರಕ ಮೇವಿನ ಮೂಟೆ ಹದಿನೈದು ದಿನ ಮೊದಲೇ ಹೇಗೆ ಖಾಲಿಯಾಯಿತು ಎಂದು ಕೇಳಿದ್ದೀಯಲ್ಲ, ಕಳ್ಳ ನಾನೇ. ಆ ಉಂಡೆಗಳನ್ನು ಚಹಾದಲ್ಲಿ ಅದ್ದಿ ತಿಂದೆ.

ಇದನ್ನು ನಿನ್ನ ಅಮ್ಮನ ಮುಂದೆಯೂ ಒಪ್ಪಿಕೊಂಡೆ. ಅವಳು ನನ್ನ ಬೋಳುತಲೆಯನ್ನು ಒಮ್ಮೆ ದಿಟ್ಟಿಸಿ, "ಒಂದು ಮೂಟೆ ತಿಂದಿದ್ರೆ ಇಷ್ಟು ಹೊತ್ತಿಗೆ ನಿಮ್ಮ ಉಣ್ಣೆ ಕತ್ತರಿಸಬಹುದಿತ್ತು" ಅಂದಳು. "ಸರಿಯಾಗಿ ಉಣ್ಣದೆ ಉಣ್ಣೆ ಎಲ್ಲಿಂದ ಬರಬೇಕು?" ಅಂದೆ. ಚಹಾದ ಲೋಟ ಬಂದ ದಾರಿಯಲ್ಲೇ ವಾಪಸು ಹೋಯಿತು.

ಇರಲಿ, ಕುರಿಗಳ ಕುರಿತು ಬರೆಯುತ್ತೇನೆ. ನಿನ್ನೆ ನಿನ್ನ ಮೇವಿನ ಪ್ರಯೋಗದ ಹತ್ತನೇ ವಾರದ ಕೊನೆಯ ತೂಕ. ನೀನು ಹೇಳಿದ ಹಾಗೇ, ಬೆಳಗಿನ ಮೇವಿಗೆ ಮೊದಲು, ಖಾಲಿ ಹೊಟ್ಟೆಯಲ್ಲಿ. ಜಾನುವಾರು ಆಸ್ಪತ್ರೆಯ ಕಾಂಪೌಂಡರ್ ತೊಲೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಮರಿಗಳನ್ನು ಒಂದೊಂದಾಗಿ ಗೋಣಿಯ ಜೋಲಿಯಲ್ಲಿ ತೂಗುಹಾಕಿದ. ಅವನು ಕೂಗಿದ್ದನ್ನು ನಿನ್ನ ಅಮ್ಮ ಪುಸ್ತಕದಲ್ಲಿ ಬರೆದಳು. ನಾನು ಮಧ್ಯೆ ನಿಂತು ತೂಕದ ಮಾತಾಡಿದೆ.

ಬಲದ ದೊಡ್ಡಿಯ ಆರು ಮರಿಗಳು, ಎಂದರೆ ಹಣ್ಣಿನ ರಸದ ಕಾರ್ಖಾನೆಯ ಒಣಸಿಪ್ಪೆ, ಬಟಾಣಿ ಹೊಟ್ಟು, ನಿನ್ನ ಖನಿಜದ ಪುಡಿ ಎಲ್ಲ ಸೇರಿದ ಉಂಡೆ ತಿಂದವು, ಸರಾಸರಿ ಹತ್ತೂವರೆ ಕಿಲೋ ಏರಿವೆ. ಕಣ್ಣಿನ ಒಳರೆಪ್ಪೆಯಲ್ಲಿ ಆರೋಗ್ಯದ ಕೆಂಪಿದೆ, ಹಿಕ್ಕೆ ಮಣಿಯ ಹಾಗಿದೆ, ಉಣ್ಣೆಗೆ ಹೊಳಪಿದೆ. ಪಕ್ಕದ ಮನೆಯವರು ಅಕ್ಕರೆಯಿಂದ ದನಗಳ ಖನಿಜದ ಪುಡಿ ತಂದುಕೊಟ್ಟಿದ್ದರು. ಅದರಲ್ಲಿರುವ ತಾಮ್ರ ಕುರಿಗೆ ವಿಷ ಎಂದು ನೀನು ಹೆದರಿಸಿದ್ದು ನೆನಪಾಗಿ ಹಾಗೇ ಹಿಂದಿರುಗಿಸಿದೆ.

ಎಡದ ದೊಡ್ಡಿಯ ಆರು, ಬರೀ ಒಣಹುಲ್ಲು, ತೌಡು ತಿಂದವು, ಅವೂ ಹತ್ತು ಕಿಲೋ! ಗುಂಡುಸೂಜಿ ಎಂದು ನೀನು ಹೆಸರಿಟ್ಟ ಬಡಕಲು ಮರಿ ನೆನಪಿದೆಯಾ? ಅದರಲ್ಲಿ ಸೂಜಿ ಹೋಗಿ ಈಗ ಗುಂಡು ಮಾತ್ರ ಉಳಿದಿದೆ. ಕಾಂಪೌಂಡರ್ ತಕ್ಕಡಿಯ ಮುಳ್ಳನ್ನು ಎರಡು ಸಲ ತಟ್ಟಿ ನೋಡಿದ. "ಒಣಹುಲ್ಲಿಗೇ ಇಷ್ಟು ಮೈ ಬಂತಾ? ಮೇಷ್ಟ್ರೇ, ನನಗೂ ಒಂದು ಹೊರೆ ಕಟ್ಟಿಕೊಡಿ. ಮನೇಲಿ ನನ್ನನ್ನ ಹ್ಯಾಂಗರ್ ಅಂತ ಕರೀತಾರೆ."

ನಗುನಗುತ್ತಲೇ, ಅಮ್ಮ ತಿಳಿಸಿದ ಒಂಬತ್ತನೇ ವಾರದ ತೂಕ ನೋಡಿ ನೀನು ಬರೆದ ಪತ್ರ ಮತ್ತೆ ತೆರೆದೆ. "ಅಪ್ಪಾ, ಎರಡು ದೊಡ್ಡಿಗೂ ವ್ಯತ್ಯಾಸವೇ ಇಲ್ಲ. ಮೂರು ವರ್ಷ ಸಿಪ್ಪೆ ಹಿಡಿದು ಓಡಾಡಿದೆ. ಹದಿನೆಂಟಕ್ಕೆ ಸಭೆಯಲ್ಲಿ ಈ ಮೇವಿನಿಂದ ಪ್ರಯೋಜನವಿಲ್ಲ ಎಂದು ಹೇಳಿ ಕೈಬಿಡುತ್ತೇನೆ" ಎಂದು ಬರೆದಿದ್ದೀಯ. ಅಕ್ಷರಗಳು ಸಾಲಿನಿಂದ ಕೆಳಗೆ ಜಾರಿದ್ದವು.

ಮಗಳೇ, ವಿಜ್ಞಾನಕ್ಕೆ ಗೊತ್ತಿಲ್ಲದ ಪೋಷಕಾಂಶವೊಂದಿದೆ. ಪ್ರೀತಿಯೇ ಪೂರಕ ಆಹಾರ! ದಿನಾ ಬೆಳಿಗ್ಗೆ ಎಡದ ದೊಡ್ಡಿಯಲ್ಲಿ ಮುಕ್ಕಾಲಿ ಹಾಕಿಕೊಂಡು ಕೂತು ತರ್ಕಶಾಸ್ತ್ರದ ಪಾಠ ಹೇಳುತ್ತೇನೆ. ಮೂವತ್ತು ವರ್ಷ ನನ್ನ ವಿದ್ಯಾರ್ಥಿಗಳು ಕೇಳಿದ್ದನ್ನು ನುಂಗಿ ಮಲಗಿದರು. ಇವು ಮೆಲುಕು ಹಾಕುತ್ತವೆ. ಪುರಾವೆ ಬೇಕೇ? ಆರನೇ ವಾರ ನಾನು ಜ್ವರ ಬಂದು ಮಲಗಿದ್ದೆ, ನಿನ್ನ ಅಮ್ಮನೇ ಮೇವು ಹಾಕಿದಳು. ಆ ವಾರ ಬಲದ ದೊಡ್ಡಿ ಎಂದಿನಂತೆ ಏರಿತು, ಎಡದ್ದು ಎಲ್ಲಿತ್ತೋ ಅಲ್ಲೇ ನಿಂತಿತು. ಪುಸ್ತಕದಲ್ಲಿದೆ. ಕಾರಣವಿಲ್ಲದೆ ಕಾರ್ಯವಿಲ್ಲ: ಮೇಷ್ಟ್ರು ಗೈರು, ಮೈ ಗೈರು. ಈ ಬಗ್ಗೆ ಲೇಖನ ಬರೆಯೋಣ ಎಂದಿದ್ದೇನೆ.

ಅಮ್ಮ ಸ್ವೆಟರ್ ಹೆಣೆದು ಮುಗಿಸಿದ್ದಾಳೆ. ಒಂದು ತೋಳು ಉದ್ದವಾಗಿದೆಯಂತೆ. ಆ ಕಡೆ ಕೈ ಸ್ವಲ್ಪ ಚಾಚಿಕೊಂಡಿರಬೇಕಂತೆ. ಹೊತ್ತಿಗೆ ಸರಿಯಾಗಿ ಊಟಮಾಡು. ನೂರ್ಕಾಲ ನಗುತ್ತಿರು.

ಇಂತಿ,
ನಿನ್ನ ಅಪ್ಪ, ಎಡದ ದೊಡ್ಡಿಯ ಪ್ರಾಂಶುಪಾಲ

ತಾ.ಕ.: ಲಕೋಟೆಗೆ ಅಂಟು ಹಚ್ಚಿದೆ. ಮತ್ತೆ ಬಿಚ್ಚಿದೆ.

ನಾನು ಉಂಡೆ ತಿಂದದ್ದು ಸುಳ್ಳು. ಸಿಪ್ಪೆಯ ವಾಸನೆಗೇ ನನಗೆ ವಾಕರಿಕೆ.

ಮೊದಲ ವಾರವೇ ಶುರುವಾಯಿತು. ಬಲದವು ಉಂಡೆ ತಿನ್ನುವಾಗ ಗುಂಡುಸೂಜಿ ಬೇಲಿಯ ಹಲಗೆಯ ಮೇಲೆ ಗದ್ದ ಇಟ್ಟು ನಿಲ್ಲುತ್ತಿತ್ತು. ಅರಚಿದ್ದರೆ ಗದರಿಸಿ ಕಳಿಸುತ್ತಿದ್ದೆ. ಅದು ಅರಚಲಿಲ್ಲ, ಸುಮ್ಮನೆ ನೋಡುತ್ತಿತ್ತು.

ನಿನಗೆ ಆರು ವರ್ಷವಿದ್ದಾಗ ನೀನು ಹೊಟ್ಟೆ ಕೆಟ್ಟು ಆಸ್ಪತ್ರೆಯಲ್ಲಿದ್ದೆ. ನಾಲ್ಕು ದಿನ ಸಕ್ಕರೆ ನೀರು ಬಿಟ್ಟು ಬೇರೇನೂ ಕೊಡಬಾರದು ಎಂದಿದ್ದರು. ಪಕ್ಕದ ಹಾಸಿಗೆಯ ಹುಡುಗಿ ಬನ್ನು ತಿನ್ನುತ್ತಿದ್ದಳು. "ಅಪ್ಪಾ, ಅವಳದು ಮುಗಿದ ಮೇಲೆ ನನ್ನ ಸರದಿನಾ?" ಅಂತ ನೀನು ಕೇಳಿದೆ. "ಡಾಕ್ಟರ್ ಹೇಳಿದ ಹಾಗೆ ಕೇಳ್ಬೇಕು" ಅಂದೆ ನಾನು. ಹಸಿವು ತಡೆಯದೆ ನಾನು ಹೊರಗಿನ ಜಗಲಿಗೆ ಹೋಗಿ ಒಂದು ಬನ್ನು ತಿಂದು ಬಂದೆ. ನೀನು ಕೈ ಚಾಚಿ ನನ್ನ ಮೀಸೆಯ ಮೇಲಿನ ಸಕ್ಕರೆ ಒರೆಸಿದೆ.

ಆ ಕೈ ಇಷ್ಟು ವರ್ಷ ನನ್ನ ಮೀಸೆಯ ಮೇಲೇ ಇದೆ, ಬಟಾಣಿ.

ಮೊದಲು ಗುಂಡುಸೂಜಿಗೆ ಮಾತ್ರ ಉಂಡೆ ಕೊಟ್ಟೆ. ಮಾರನೆಯ ದಿನ ಅದರ ಹಿಂದೆ ಐದು ಸಾಲಾಗಿ ನಿಂತಿದ್ದವು. ಬಲದವಕ್ಕೆ ಒಂದು ಉಂಡೆಯೂ ಕಡಿಮೆ ಮಾಡಿಲ್ಲ, ಆದ್ದರಿಂದಲೇ ಮೂಟೆ ಬೇಗ ಮುಗಿದದ್ದು. ನೀನು ಕೂಡಲೇ ಕಳಿಸಿದ ಹೊಸ ಮೂಟೆ ಬರುವವರೆಗಿನ ಎರಡು ದಿನ ಮೇವಿನ ತೊಟ್ಟಿಯ ತಳ ಕೆರೆದು ಹೇಗೋ ಸರಿದೂಗಿಸಿದೆ. ಎಡದವಕ್ಕೆ ಒಣಹುಲ್ಲು ಮಾತ್ರ ಸಿಕ್ಕಿದ್ದು ನಾನು ಮಲಗಿದ್ದ ಆ ವಾರ ಒಂದೇ. ಆ ಪುಟವನ್ನು ಸಭೆಗೆ ಒಯ್ಯಿ. ಮೇವು ಗೆದ್ದಿದೆ, ಕೆಟ್ಟದ್ದು ಮೇಯಿಸುವವನು ಎಂದು ಹೇಳು. ಇನ್ನೊಂದು ಸಲ ಹತ್ತು ವಾರ ನಿನ್ನ ಅಮ್ಮನ ಕೈಯಲ್ಲಿ ಮಾಡಿಸು. ಬೇಲಿಯ ಬದಲು ಗೋಡೆ ಕಟ್ಟಿಸುತ್ತೇನೆ, ನನ್ನನ್ನು ಗೋಡೆಯ ಆಚೆ ಇಡು.

ಲೇಖನ ಬರೆಯುವುದಿಲ್ಲ. ಪ್ರೀತಿಯೇ ಪೂರಕ ಆಹಾರ ಎಂದೆನಲ್ಲ, ಅದು ದಿನಾ ಬೆಳಿಗ್ಗೆ ಮರಿಗೊಂದು ಬೊಗಸೆಯಂತೆ ನಿನ್ನ ಮೂಟೆಯಿಂದಲೇ ಹೋಗುತ್ತಿತ್ತು.